ಕೈಯಳತೆಯ ಸಂಗೀತ: ಮುಂಬಯಿಯ ಕಾರು ರೇಡಿಯೋ ಮತ್ತು ಸ್ಟಿಯರಿಂಗ್ ಗುಂಡಿಗಳ ಕಥೆ

ಕುರ್ಲಾದಿಂದ ಕಲೀನಾದ ಕಡೆಗೆ ಹೋಗುವ ಸಿ.ಎಸ್.ಟಿ. ರಸ್ತೆಯ ಇಕ್ಕೆಲಗಳಲ್ಲಿ ಮೋಟಾರು ಸಾಮಾನಿನ ಅಂಗಡಿಗಳು ಸಾಲುಗಟ್ಟಿ ನಿಂತಿವೆ. ಸೀಟ್ ಕವರು, ಹಾರ್ನು, ದೀಪ, ಸ್ಪೀಕರು, ಸ್ಟೀರಿಯೋ ಇವೆಲ್ಲ ಅಲ್ಲಿ ಸಿಗುತ್ತವೆ. ಅಲ್ಲಿಗೆ ಹೊಸ ಸ್ಟೀರಿಯೋ ಹಾಕಿಸಲು ಹೋದವರು ಮೊದಲು ಬೆಲೆ ಕೇಳುತ್ತಾರೆ. ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ, "ಸ್ಟಿಯರಿಂಗ್ ಮೇಲಿನ ಬಟನ್ನುಗಳು ನಡೆಯುತ್ತವೆಯೇ?" ಎಂಬುದು. ಕಾರಿನ ಜೊತೆಗೆ ಬಂದ ರೇಡಿಯೋವನ್ನು ಕಿತ್ತು ಹೊರಗಿನದನ್ನು ಕೂಡಿಸಿದರೆ, ಚಕ್ರದ ಮೇಲೆ ಹೆಬ್ಬೆರಳಿನ ಅಳತೆಯಲ್ಲಿರುವ ಆ ಗುಂಡಿಗಳು ಮೂಕವಾಗಿಬಿಡುವುದುಂಟು. ಪ್ರಶ್ನೆ ಚಿಕ್ಕದು. ಆದರೆ ಅದರ ಹಿಂದೆ ತೊಂಬತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರಲ್ಲಿ ನಮ್ಮ ಮುಂಬಯಿಗೂ ನಮ್ಮ ಕನ್ನಡನಾಡಿಗೂ ಒಂದಿಷ್ಟು ಪಾಲಿದೆ. ಅದನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯ ರೇಡಿಯೋ ಕೇಂದ್ರ ಆರಂಭವಾದದ್ದು 1927ರ ಜುಲೈ 23ರಂದು. ಉದ್ಘಾಟಿಸಿದವರು ವೈಸರಾಯ್ ಲಾರ್ಡ್ ಇರ್ವಿನ್. ಎಂಟು ವರ್ಷಗಳ ಬಳಿಕ, 1935ರಲ್ಲಿ, ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ತೊಡಗಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಕೊಟ್ಟರು. ಆ ಹೆಸರೇ ಮುಂದೆ ದೇಶಕ್ಕೆಲ್ಲ ಆಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಇದೇ ಅವಧಿಯಲ್ಲಿ ಹೊರದೇಶಗಳಲ್ಲಿ ರೇಡಿಯೋ ಮನೆಯ ಹಜಾರದಿಂದ ಇಳಿದು ಮೋಟಾರು ಹತ್ತಿತು. ಅಮೆರಿಕದ ಗ್ಯಾಲ್ವಿನ್ ಕಂಪೆನಿ 1930ರಲ್ಲಿ ಕಾರಿಗೆ ಹೊಂದುವ ರೇಡಿಯೋವನ್ನು ಮಾರುಕಟ್ಟೆಗೆ ತಂದು 'ಮೋಟೋರೋಲಾ' ಎಂದು ಕರೆಯಿತು. ಯುರೋಪಿನ ಮೊದಲ ಕಾರು ರೇಡಿಯೋ ಜರ್ಮನಿಯ ಬ್ಲಾಪುಂಕ್ಟ್‌ನವರು 1932ರಲ್ಲಿ ತಯಾರಿಸಿದ ಆಟೋಸೂಪರ್. ಅದರ ತೂಕ ಸುಮಾರು 15 ಕಿಲೋ! ಅಷ್ಟು ದೊಡ್ಡ ಪೆಟ್ಟಿಗೆಯನ್ನು ಚಾಲಕನ ಮುಂದಿನ ಹಲಗೆಯಲ್ಲಿ ಕೂಡಿಸುವಂತಿರಲಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಬೇರೆ ಕಡೆ ಇಟ್ಟು, ಅದನ್ನು ನಡೆಸುವ ತಿರುಗುಣಿಗಳನ್ನು ಸ್ಟಿಯರಿಂಗ್ ಕಂಬಕ್ಕೆ ಕಟ್ಟಿದರು.

ಈ ಮಾತನ್ನು ಗಮನಿಸಬೇಕು. ಸ್ಟಿಯರಿಂಗಿನ ಬಳಿಯಿಂದಲೇ ರೇಡಿಯೋ ನಡೆಸುವುದು ಇಂದಿನ ಶೋಕಿಯೆಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಯುರೋಪಿನ ಮೊಟ್ಟಮೊದಲ ಕಾರು ರೇಡಿಯೋದಲ್ಲಿಯೇ ಅದು ಇತ್ತು. ಪೆಟ್ಟಿಗೆ ಚಿಕ್ಕದಾಗುತ್ತ ಬಂದಂತೆ ತಿರುಗುಣಿಗಳು ಚಾಲಕನ ಕೈಯಿಂದ ದೂರ ಸರಿದು ಮುಂದಿನ ಹಲಗೆಯ ನಡುವಿಗೆ ಹೋದವು. ಮತ್ತೆ ಅವು ಚಕ್ರಕ್ಕೆ ಮರಳಲು ಅರ್ಧ ಶತಮಾನ ಹಿಡಿಯಿತು.

ಆ ಕಾಲದ ರೇಡಿಯೋಗಳು ವಾಲ್ವಿನವು. ಬ್ಯಾಟರಿ ಕೊಡುವುದು 6 ಅಥವಾ 12 ವೋಲ್ಟ್. ವಾಲ್ವುಗಳು ಬೇಡುವುದು ನೂರಾರು ವೋಲ್ಟ್. ಅದಕ್ಕಾಗಿ 'ವೈಬ್ರೇಟರ್' ಎಂಬ ಬಿಡಿಭಾಗ ಬ್ಯಾಟರಿಯ ವಿದ್ಯುತ್ತನ್ನು ಸೆಕೆಂಡಿಗೆ ನೂರು ಬಾರಿಯಂತೆ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು. ಹಾಡಿನ ಹಿಂದೆ ಜೇನುಹುಳುವಿನಂಥ ಗುಂಯ್‌ಗುಟ್ಟುವಿಕೆ ಇರುತ್ತಿದ್ದುದು ಇದರಿಂದಲೇ. ಚಾಲಕನ ಗಮನ ರಸ್ತೆಯಿಂದ ಕದಲುತ್ತದೆಂದು ಕಾರು ರೇಡಿಯೋವನ್ನೇ ನಿಷೇಧಿಸಬೇಕೆಂಬ ವಾದ ಅಮೆರಿಕದ ಕೆಲವೆಡೆ 1930ರ ದಶಕದಲ್ಲಿಯೇ ಎದ್ದಿತ್ತು. ಅಂದರೆ ಹಾಡು ಬೇಕು, ಕಣ್ಣೂ ರಸ್ತೆಯ ಮೇಲಿರಬೇಕು ಎಂಬ ಜಗಳ ಕಾರು ರೇಡಿಯೋದಷ್ಟೇ ಹಳೆಯದು.

ಇನ್ನು ನಮ್ಮ ಊರಿಗೆ ಬರೋಣ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯ ಕುರ್ಲಾ ಕಾರ್ಖಾನೆ 1947ರಲ್ಲಿ ಕೆಲಸ ಆರಂಭಿಸಿತು. ಮೊದಲು ಡಾಡ್ಜ್, ಪ್ಲಿಮತ್ ಗಾಡಿಗಳು. 1950ರ ದಶಕದಲ್ಲಿ ಫಿಯೆಟ್ 1100. 1964ರಿಂದ ಅದರ ಡಿಲೈಟ್ ಮಾದರಿ. ಅದೇ ಕಾರು 1970ರ ದಶಕದ ನಡುವಿನಲ್ಲಿ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಪಡೆಯಿತು. ಕಪ್ಪು-ಹಳದಿ ಬಣ್ಣ ಬಳಿದುಕೊಂಡು ಮುಂಬಯಿಯ ಟ್ಯಾಕ್ಸಿಯೆಂದೇ ಜಗತ್ತಿಗೆ ಪರಿಚಿತವಾದದ್ದು ಈ ಗಾಡಿ. ಅದರ ಸ್ಟಿಯರಿಂಗ್ ಕಂಬದ ಮೇಲೆ ರೇಡಿಯೋದ ಗುಂಡಿ ಇರಲಿಲ್ಲ. ಅಲ್ಲಿದ್ದದ್ದು ಗೇರಿನ ದಂಡ. ಚಾಲಕನ ಎಡಗೈಗೆ ಅದೇ ಸಾಕಷ್ಟು ಕೆಲಸ ಕೊಡುತ್ತಿತ್ತು.

ಕಾರು ರೇಡಿಯೋ ಆಗ ಶ್ರೀಮಂತರ ಸೊತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷವರ್ಷವೂ ಪೋಸ್ಟಾಫೀಸಿಗೆ ಹೋಗಿ ಶುಲ್ಕ ಕಟ್ಟಿ ಆ ಚಿಕ್ಕ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡ ನೆನಪು ಹಿರಿಯರಿಗೆ ಇನ್ನೂ ಇದ್ದೀತು. ಈ ಪದ್ಧತಿ ನಿಂತದ್ದು 1980ರ ದಶಕದ ನಡುವಿನಲ್ಲಿ. ರೇಡಿಯೋ ಕೂಡಿಸುವ ಮಿಸ್ತ್ರಿಗೆ ಆಗಿನ ತಲೆನೋವೇ ಬೇರೆ. ಪ್ಲಗ್ಗಿನ ಕಿಡಿ, ಡೈನಮೋದ ಬ್ರಶ್ಶು ಇವೆರಡೂ ತಾವೇ ಚಿಕ್ಕ ಪ್ರಸಾರ ಕೇಂದ್ರಗಳಂತೆ ಹಾಡಿನೊಳಗೆ ಚಟಚಟ ಸದ್ದು ಸೇರಿಸುತ್ತಿದ್ದವು. ಪ್ಲಗ್ಗಿನ ತಂತಿಗೆ ಒಂದು ಸಪ್ರೆಸರು, ಡೈನಮೋಗೆ ಒಂದು ಕಂಡೆನ್ಸರು ಹಾಕಿ, ಎಂಜಿನ್ನಿನಿಂದ ಬಾಡಿಗೆ ಗಟ್ಟಿಯಾದ ಅರ್ತಿಂಗ್ ಕೊಟ್ಟರೆ ಮಾತ್ರ ಹಾಡು ಕೇಳಿಸುತ್ತಿತ್ತು. ಬ್ರಿಟಿಷ್ ಮಾದರಿಯ ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಬಾಡಿಗೆ ಜೋಡಿಸಿರುತ್ತಿದ್ದುದರಿಂದ, ನೋಡದೆ ತಂತಿ ಕೊಟ್ಟವನ ರೇಡಿಯೋ ಸುಟ್ಟುಹೋಗುವ ಅಪಾಯವೂ ಇತ್ತು. ಕೂಡಿಸುವ ಮೊದಲು ಗಾಡಿಯ ಗುಣ ತಿಳಿಯಬೇಕೆಂಬ ಪಾಠವನ್ನು ಈ ಕಸಬು ಕಲಿತದ್ದು ಆ ಕಾಲದಲ್ಲಿ.

ಟ್ರಾನ್ಸಿಸ್ಟರ್ ಬಂದ ಮೇಲೆ ವೈಬ್ರೇಟರು ಮೂಲೆ ಸೇರಿತು. ವಾಲ್ವೇ ಇಲ್ಲದ ಕಾರು ರೇಡಿಯೋವನ್ನು ಅಮೆರಿಕದ ಕ್ರೈಸ್ಲರ್ ಮತ್ತು ಫಿಲ್ಕೋ ಕಂಪೆನಿಗಳು 1955ರಲ್ಲಿ ಹೊರತಂದವು. ನಮ್ಮಲ್ಲಿ ವಿವಿಧಭಾರತಿ ಹುಟ್ಟಿದ್ದು 1957ರಲ್ಲಿ. ಅದರ ವಾಣಿಜ್ಯ ಪ್ರಸಾರ 1967ರಲ್ಲಿ ಮುಂಬಯಿಯಿಂದ ಆರಂಭವಾಯಿತು. ಇತ್ತ ಫಿಲಿಪ್ಸ್ ಕಂಪೆನಿ 1963ರಲ್ಲಿ ಪ್ರದರ್ಶಿಸಿದ ಕ್ಯಾಸೆಟ್ಟು ಕ್ರಮೇಣ ಕಾರಿಗೂ ಬಂತು. ಆಮದಿನ ಮೇಲೆ ಬಿಗಿಯಾದ ಕಟ್ಟುಪಾಡುಗಳಿದ್ದ ಕಾಲ ಅದು. ಕೊಲ್ಲಿ ದೇಶಗಳಲ್ಲಿ ದುಡಿದು ಬರುತ್ತಿದ್ದ ನಮ್ಮ ಕರಾವಳಿಯ ಬಂಧುಗಳು ಸಹಾರ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರಿಗೆ ಲೆಕ್ಕ ಒಪ್ಪಿಸಿ ಹೊರತರುತ್ತಿದ್ದ ಪೆಟ್ಟಿಗೆಗಳಲ್ಲಿ ಟೇಪ್ ರೆಕಾರ್ಡರಿಗೆ ಅಗ್ರಸ್ಥಾನ. ಉಳಿದವರಿಗೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ಮನೀಷ್ ಮಾರ್ಕೆಟ್ಟು. ಬಿಡಿಭಾಗಗಳಿಗೆ ಲ್ಯಾಮಿಂಗ್ಟನ್ ರಸ್ತೆ. ಹಳೆಯ ಸಾಮಾನಿಗೆ ಚೋರ್ ಬಜಾರು. ಲ್ಯಾಮಿಂಗ್ಟನ್ ರಸ್ತೆಗೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವೆಂಬ ಹೆಸರು ಬಂದು ಎಷ್ಟೋ ವರ್ಷಗಳಾದರೂ ಎಲೆಕ್ಟ್ರಾನಿಕ್ಸ್ ಕಸಬಿನವರ ಬಾಯಲ್ಲಿ ಅದು ಇಂದಿಗೂ ಲ್ಯಾಮಿಂಗ್ಟನ್ನೇ.

ಈ ಕ್ಯಾಸೆಟ್ ಯುಗ ಮುಂಬಯಿ ಕನ್ನಡಿಗರಿಗೆ ಕೇವಲ ಹಿಂದೀ ಹಾಡಿನ ಯುಗವಾಗಿರಲಿಲ್ಲ. ಬೇಸಿಗೆ ರಜೆಯಲ್ಲಿ ಪನ್ವೇಲ್ ದಾಟಿ ಗೋವಾ ಹೆದ್ದಾರಿ ಹಿಡಿದು ಊರಿಗೆ ಹೊರಟ ಗಾಡಿಯಲ್ಲಿ ಯಕ್ಷಗಾನ ತಾಳಮದ್ದಳೆಯ ಕ್ಯಾಸೆಟ್ಟುಗಳು, ಕಾಳಿಂಗ ನಾವಡರ ಭಾಗವತಿಕೆ, ಭಾವಗೀತೆಗಳು ಘಟ್ಟದ ತಿರುವುಗಳನ್ನು ಹಗುರಗೊಳಿಸುತ್ತಿದ್ದವು. ಕ್ಯಾಸೆಟ್ಟು ಮುಗಿದರೆ ರೇಡಿಯೋದ ಮುಳ್ಳು ತಿರುಗಿಸಿ ಕನ್ನಡ ಹುಡುಕುವ ಆಟ. ಧಾರವಾಡ ಆಕಾಶವಾಣಿ 1950ರಿಂದ ಇತ್ತು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಕರಕರ ಸದ್ದಿನ ನಡುವೆ ಒಂದು ಕನ್ನಡ ಮಾತು ಕೇಳಿದೊಡನೆ, ಗಡಿಯ ಕಲ್ಲು ಇನ್ನೂ ಎಷ್ಟೋ ದೂರವಿದ್ದರೂ, ಊರು ಬಂತೆಂಬ ಭಾವನೆ ಮನಸ್ಸಿಗಾಗುತ್ತಿತ್ತು. ಆದರೆ ಮುಳ್ಳು ತಿರುಗಿಸುವ ಆ ಕೆಲಸವನ್ನು ಪಕ್ಕದಲ್ಲಿ ಕೂತವರು ಮಾಡಬೇಕಿತ್ತು. ಒಬ್ಬನೇ ಹೊರಟ ಚಾಲಕ ಅದನ್ನು ಮಾಡಹೋದರೆ ಕಶೇಡಿ ಘಾಟಿನಂಥ ಜಾಗದಲ್ಲಿ ಪ್ರಾಣಕ್ಕೇ ಸಂಚಕಾರ.

ಆ ದಿನಗಳಲ್ಲಿ ಸ್ಟೀರಿಯೋ ಕೂಡಿಸುವುದೆಂದರೆ ಬಹುಮಟ್ಟಿಗೆ ಐದಾರು ತಂತಿಗಳ ಲೆಕ್ಕ. ಸದಾ ಬ್ಯಾಟರಿ ಇರುವ ಒಂದು ತಂತಿ, ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಒಂದು, ಅರ್ತಿಂಗಿನದೊಂದು, ಉಳಿದವು ಸ್ಪೀಕರಿಗೆ. ರೇಡಿಯೋದ ಕಿಂಡಿಗೂ ಜರ್ಮನಿಯ ಡಿನ್ ಅಳತೆಯೇ ಲೋಕಮಾನ್ಯವಾಯಿತು: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಎತ್ತರ ಎರಡು ಪಟ್ಟಾದರೆ ಡಬಲ್ ಡಿನ್. ಯಾವ ಕಂಪೆನಿಯ ಸ್ಟೀರಿಯೋವಾದರೂ ಯಾವ ಗಾಡಿಗಾದರೂ ಕೂರುವಂತಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದನ್ನು ಕೊಂಡವರು ನೆಟ್ಟಗೆ ಅಂಗಡಿಗೆ ಹೋಗಿ ತಮಗೊಪ್ಪಿದ ಸ್ಟೀರಿಯೋ ಹಾಕಿಸಿದರು. 1991ರ ಆರ್ಥಿಕ ಸುಧಾರಣೆಯ ನಂತರ ಮನೀಷ್ ಮಾರ್ಕೆಟ್ಟಿನ ಗುಟ್ಟಿನ ಸರಕು ಬಹಿರಂಗ ಅಂಗಡಿಗಳಿಗೆ ಬಂತು. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಗಿ, ಮರುವರ್ಷ ಮುಂಬಯಿಗೂ ಅಂಥ ಕೇಂದ್ರಗಳು ಬಂದ ಮೇಲಂತೂ ಸ್ಟೀರಿಯೋ ಇಲ್ಲದ ಕಾರು ಅಪರೂಪವಾಯಿತು.

ಇಷ್ಟರಲ್ಲಿ ಗುಂಡಿಗಳು ಚಕ್ರದತ್ತ ಮರುಪಯಣ ಹೊರಟಿದ್ದವು. 1984ರಲ್ಲಿ ಬಂದ ಫ್ರಾನ್ಸಿನ ರೆನೋ 25 ಕಾರಿನಲ್ಲಿ ಸ್ಟಿಯರಿಂಗಿನ ಹಿಂದೆ ರೇಡಿಯೋಕ್ಕೆಂದೇ ಒಂದು ಚಿಕ್ಕ ಹಿಡಿ ಇತ್ತು. ಅದೇ ದಶಕದಲ್ಲಿ ಅಮೆರಿಕದ ಪಾಂಟಿಯಾಕ್ ಗಾಡಿಗಳಲ್ಲಿ ಚಕ್ರದ ಮೇಲೆಯೇ ಗುಂಡಿಗಳು ಮೂಡಿದವು. ಭಾರತದ ಮಧ್ಯಮ ದರ್ಜೆಯ ಕಾರುಗಳಲ್ಲಿ ಇವು ಕಾಣಿಸಿದ್ದು ಈ ಶತಮಾನದ ಮೊದಲ ದಶಕದಲ್ಲಿ. ತಿರುಗುವ ಚಕ್ರಕ್ಕೆ ತಂತಿ ಒಯ್ಯುವುದು ಸುಲಭದ ಮಾತಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ಚಕ್ರ ಮೂರು ಸುತ್ತಿಗೂ ಹೆಚ್ಚು ತಿರುಗುತ್ತದೆ. ಸಾಮಾನ್ಯ ತಂತಿಯಾದರೆ ಹುರಿಗಟ್ಟಿ ಕಡಿದುಹೋದೀತು. ಅದಕ್ಕೆಂದೇ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಚಪ್ಪಟೆ ಪಟ್ಟಿಯೊಂದನ್ನು ಚಕ್ರದ ಕೆಳಗೆ ಇಟ್ಟಿರುತ್ತಾರೆ. ಕಸಬಿನವರು ಅದನ್ನು 'ಕ್ಲಾಕ್ ಸ್ಪ್ರಿಂಗ್' ಎಂದೇ ಕರೆಯುತ್ತಾರೆ. ಹಾರ್ನು, ಏರ್‌ಬ್ಯಾಗು, ರೇಡಿಯೋದ ಗುಂಡಿಗಳು ಈ ಮೂರಕ್ಕೂ ಅದೇ ದಾರಿ.

ಈಗ ಮೊದಲ ಪ್ರಶ್ನೆಗೆ ಬರೋಣ: ಸ್ಟೀರಿಯೋ ಬದಲಿಸಿದರೆ ಗುಂಡಿಗಳೇಕೆ ಮೂಕವಾಗುತ್ತವೆ?

ಇದರಲ್ಲಿ ಎರಡು ಪಂಗಡ. ಮೊದಲನೆಯದು ರೆಸಿಸ್ಟರಿನ ಪಂಗಡ. ನಮ್ಮ ಹಳೆಯ ಚಾಳುಗಳಲ್ಲಿ, ಅನೇಕರು ಸೇರಿ ಇರುತ್ತಿದ್ದ ಬಿಡಾರಗಳಲ್ಲಿ, ಎಲ್ಲರಿಗೂ ಸೇರಿ ಬಾಗಿಲಿಗೆ ಒಂದೇ ಕರೆಗಂಟೆ ಇರುತ್ತಿತ್ತು. ಒಂದು ಸಲ ಒತ್ತಿದರೆ ಮೊದಲನೆಯವರಿಗೆ, ಎರಡು ಸಲ ಒತ್ತಿದರೆ ಎರಡನೆಯವರಿಗೆ. ತಂತಿ ಒಂದೇ, ಗುರುತು ಬೇರೆ. ಸ್ಟಿಯರಿಂಗಿನಲ್ಲಿಯೂ ಹಾಗೆಯೇ. ಐದಾರು ಗುಂಡಿಗಳಿಗೆ ಒಂದೆರಡೇ ತಂತಿ. ಪ್ರತಿಯೊಂದು ಗುಂಡಿಯ ಹಿಂದೆ ಬೇರೆ ಬೇರೆ ಬೆಲೆಯ ರೆಸಿಸ್ಟರು. ಗುಂಡಿ ಒತ್ತಿದಾಗ ತಂತಿಯ ವೋಲ್ಟೇಜು ಒಂದು ನಿರ್ದಿಷ್ಟ ಮಟ್ಟಕ್ಕೆ ಇಳಿಯುತ್ತದೆ. ಕಂಪೆನಿಯ ರೇಡಿಯೋಕ್ಕೆ ಆ ಗುರುತು ಮೊದಲೇ ಗೊತ್ತು. ಹೊರಗಿನಿಂದ ಬಂದ ಸ್ಟೀರಿಯೋಕ್ಕೆ ಗೊತ್ತಿಲ್ಲ. ಹೇಳಿಕೊಟ್ಟರೆ ಅದೂ ಕಲಿಯುತ್ತದೆ. ಈಗಿನ ಅನೇಕ ಸ್ಟೀರಿಯೋಗಳಲ್ಲಿ 'ಕೀ 1', 'ಕೀ 2' ಎಂದು ಬರೆದ ಎರಡು ತಂತಿಗಳಿರುತ್ತವೆ. ಗಾಡಿಯ ತಂತಿಗಳನ್ನು ಇವಕ್ಕೆ ಸೇರಿಸಿ, ಅರ್ತಿಂಗು ಸರಿಯಾಗಿ ಕೊಟ್ಟು, ಒಂದೊಂದೇ ಗುಂಡಿಯನ್ನು ಒತ್ತಿ ಹಿಡಿದು 'ಇದು ಶಬ್ದ ಹೆಚ್ಚಿಸಲು, ಇದು ಮುಂದಿನ ಹಾಡಿಗೆ' ಎಂದು ದಾಖಲಿಸಿದರೆ ಆಯಿತು.

ಎರಡನೆಯ ಪಂಗಡದಲ್ಲಿ ಗುಂಡಿಗಳು ನೇರವಾಗಿ ರೇಡಿಯೋದೊಡನೆ ಮಾತಾಡುವುದಿಲ್ಲ. ಅವುಗಳ ಮಾತು ಗಾಡಿಯ ಒಳಗಿನ ಗಣಕಗಳ ಜಾಲದ ಮೂಲಕ ಸಂದೇಶವಾಗಿ ಹೋಗುತ್ತದೆ. ಆ ಜಾಲದ ಹೆಸರು ಕ್ಯಾನ್. ಜರ್ಮನಿಯ ಬಾಷ್ ಕಂಪೆನಿ 1983ರಲ್ಲಿ ಅದರ ಕೆಲಸ ತೊಡಗಿ 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಸಮ್ಮೇಳನದಲ್ಲಿ ಪ್ರಕಟಿಸಿತು. 1993ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನಕದ ಮನ್ನಣೆ ದೊರೆಯಿತು. ಬಾಷ್ ಎಂದರೆ ಕನ್ನಡಿಗರಿಗೆ ಹೊರಗಿನ ಹೆಸರಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಾರ್ಖಾನೆ ಅದರದೇ ಕೂಸು. 2008ರಲ್ಲಿ ಅದು ಹೆಸರಿನಲ್ಲಿಯೂ ಬಾಷ್ ಆಯಿತು. 1932ರಲ್ಲಿ ಸ್ಟಿಯರಿಂಗ್ ಕಂಬಕ್ಕೆ ತಿರುಗುಣಿ ಕಟ್ಟಿದ ಬ್ಲಾಪುಂಕ್ಟನ್ನು ಮರುವರ್ಷವೇ ಕೊಂಡುಕೊಂಡದ್ದೂ ಇದೇ ಬಾಷ್. ಇತಿಹಾಸದ ಎಳೆಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ.

ಕ್ಯಾನ್ ಜಾಲವನ್ನು ದಾದರ್ ಸ್ಟೇಷನ್ನಿನ ಧ್ವನಿವರ್ಧಕಕ್ಕೆ ಹೋಲಿಸಬಹುದು. ಘೋಷಣೆ ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಬೊರಿವಲಿಯ ಗಾಡಿಗೆ ಕಾದವರು ಮಾತ್ರ ಎದ್ದು ಓಡುತ್ತಾರೆ. ಹೆಣೆದ ಎರಡು ತಂತಿಗಳ ಮೇಲೆ ಎಂಜಿನ್ನು, ಬ್ರೇಕು, ಮೀಟರು, ರೇಡಿಯೋ ಇವುಗಳೆಲ್ಲದರ ಸಂದೇಶ ಹರಿಯುತ್ತಿರುತ್ತದೆ. ಹೊಸ ಸ್ಟೀರಿಯೋಕ್ಕೆ ಆ ಭಾಷೆ ಬಾರದು. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಗಾಡಿಯ ಮಾದರಿಗೆ ತಕ್ಕ ಒಂದು ಪುಟ್ಟ ಡಬ್ಬಿ, ಅಡಾಪ್ಟರು, ಆ ಕೆಲಸ ಮಾಡುತ್ತದೆ. ಅದರ ಬೆಲೆ ಕೊಡಲು ಗಿರಾಕಿ ಹಿಂಜರಿಯುತ್ತಾನೆ. ತರಿಸುವ ತಾಪತ್ರಯ ಬೇಡವೆಂದು ಅಂಗಡಿಯವನೂ ಸುಮ್ಮನಾಗುತ್ತಾನೆ. ಗುಂಡಿಗಳು ಸಾಯುವುದು ಬಹಳ ಸಲ ಈ ಇಬ್ಬರ ಮೌನದಿಂದ.

ನಮ್ಮ ಪರಿಚಿತರಾದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ ಆದದ್ದೂ ಇದೇ. ಉಪನಗರದ ಒಂದು ಅಂಗಡಿಯಲ್ಲಿ ದೊಡ್ಡ ಪರದೆಯ ಸ್ಟೀರಿಯೋ ಹಾಕಿಸಿದರು. ಗುಂಡಿಗಳ ಬಗ್ಗೆ ಕೇಳಿದರೆ "ವೋ ಅಭೀ ನಹೀಂ ಚಲೇಗಾ, ಸೇಠ್" ಎಂಬ ಉತ್ತರ. ಶಬ್ದ ತಗ್ಗಿಸಬೇಕಾದರೂ ಪರದೆಯನ್ನೇ ತಡಕಬೇಕು. ಕನ್ನಡಕದ ದೂರದ ಗಾಜಿನಿಂದ ಪರದೆಯ ಅಕ್ಷರ ಕಾಣದು. ಎರಡು ತಿಂಗಳ ಮೇಲೆ ಬೇರೊಬ್ಬ ಮಿಸ್ತ್ರಿ ಮೀಟರು ಹಿಡಿದು ನೋಡಿದಾಗ, ಅವರ ಗಾಡಿ ರೆಸಿಸ್ಟರಿನ ಪಂಗಡದ್ದೆಂದೂ ಎರಡು ತಂತಿಗಳನ್ನು ಜೋಡಿಸದೆ ಟೇಪು ಸುತ್ತಿ ಬಿಟ್ಟಿದ್ದರೆಂದೂ ತಿಳಿಯಿತು. ಅರ್ಧ ಗಂಟೆಯ ಕೆಲಸ. ಆಗದೆಂದು ಹೇಳಿದ್ದು ನಿಜವಾಗಿ ಆಗದ್ದಲ್ಲ, ಯಾರೂ ಮಾಡದೆ ಬಿಟ್ಟದ್ದು.

ಕೆಲಸ ತಿಳಿದವರ ಕೈಗೇ ಗಾಡಿ ಕೊಡಬೇಕೆನ್ನಲು ಇನ್ನೂ ಬಲವಾದ ಕಾರಣವಿದೆ. ಗುಂಡಿಗಳ ಪಕ್ಕದಲ್ಲಿಯೇ ಏರ್‌ಬ್ಯಾಗು ಮಡಚಿ ಕೂತಿದೆ. 2019ರ ಜುಲೈಯಿಂದ ನಮ್ಮ ದೇಶದಲ್ಲಿ ಪ್ರತಿಯೊಂದು ಹೊಸ ಕಾರಿಗೂ ಚಾಲಕನ ಏರ್‌ಬ್ಯಾಗು ಕಡ್ಡಾಯ. ಅದರ ಕನೆಕ್ಟರುಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ. ಅವನ್ನು ಮುಟ್ಟಬಾರದೆಂಬುದಕ್ಕೇ ಆ ಬಣ್ಣ. ಚಕ್ರವನ್ನು ಬಿಚ್ಚುವುದೇ ಅಗತ್ಯವಾದರೆ ಮೊದಲು ಬ್ಯಾಟರಿ ಕಳಚಿ, ಗಾಡಿಯ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು. ಸ್ಟೀರಿಯೋ ಬದಲಿಸಲು ಚಕ್ರ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಇಲ್ಲವೇ ಇಲ್ಲ. ಗುಂಡಿಗಳ ತಂತಿ ರೇಡಿಯೋದ ಹಿಂಬದಿಗೇ ಬಂದಿರುತ್ತದೆ. ಇನ್ನು ಮುಂಬಯಿಯ ಮಳೆ, ಕಡಲ ಗಾಳಿ. ತೇವದಿಂದ ಜೋಡಣೆಗೆ ಕಿಲುಬು ಹಿಡಿದರೆ ರೆಸಿಸ್ಟೆನ್ಸು ಬದಲಾಗಿ, ಶಬ್ದ ಹೆಚ್ಚಿಸುವ ಗುಂಡಿ ಹಾಡು ಬದಲಿಸತೊಡಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಕುರ್ಲಾ, ಕಲೀನಾ ಮುಳುಗಿದಾಗ ಗಾಡಿಗಳ ಒಳಗಿನ ಎಲೆಕ್ಟ್ರಾನಿಕ್ಸಿಗೆ ನೀರು ಎಂಥ ಶತ್ರುವೆಂಬುದನ್ನು ಈ ನಗರ ಕಣ್ಣಾರೆ ಕಂಡಿದೆ. ತಂತಿ ಕತ್ತರಿಸಿ, ಕೈಯಿಂದ ಹೊಸೆದು, ಟೇಪು ಸುತ್ತುವ ಹಳೆಯ ರೂಢಿ ಇಲ್ಲಿ ಬಾಳುವುದಿಲ್ಲ. ಗಾಡಿಯ ಮೂಲ ತಂತಿಗೆ ಕತ್ತರಿ ಹಾಕದೆ, ಮಾದರಿಗೆ ತಕ್ಕ ಸಾಕೆಟ್ಟಿನಿಂದ ಜೋಡಿಸುವುದೇ ಸರಿ.

ಒಂದು ಗುಂಡಿಗಾಗಿ ಇಷ್ಟೆಲ್ಲ ಮಾತೇಕೆ ಎಂದು ಕೆಲವರು ಕೇಳಬಹುದು. ಲೆಕ್ಕ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಎರಡು ಸೆಕೆಂಡಿನಲ್ಲಿ 33 ಮೀಟರ್ ಸಾಗುತ್ತದೆ. ಅಂದರೆ ಪರದೆಯಲ್ಲಿ ಒಂದು ಚಿತ್ರ ಹುಡುಕುವಷ್ಟರಲ್ಲಿ, ಹೆಚ್ಚುಕಡಿಮೆ ಮೂರು ಬೆಸ್ಟ್ ಬಸ್ಸುಗಳ ಉದ್ದವನ್ನು ಕಣ್ಣು ಮುಚ್ಚಿಕೊಂಡಂತೆ ದಾಟಿರುತ್ತೇವೆ. ಪಶ್ಚಿಮ ದ್ರುತಗತಿ ಮಾರ್ಗದಲ್ಲಿ ಆ 33 ಮೀಟರಿನೊಳಗೆ ಒಬ್ಬ ಸ್ಕೂಟರಿನವನು, ರಸ್ತೆ ದಾಟುವ ಒಂದು ಕುಟುಂಬ, ಒಂದು ಹೊಂಡ, ಏನಿದ್ದರೂ ಇರಬಹುದು. ಓಡಿಸುವಾಗ ಕೈಯಲ್ಲಿ ಫೋನು ಹಿಡಿಯುವುದನ್ನು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಅಪಾಯಕರ ಚಾಲನೆಯೆಂದೇ ಎಣಿಸುತ್ತದೆ. ಚಕ್ರದಿಂದ ಕೈ ತೆಗೆಯದೆ ಕರೆ ಸ್ವೀಕರಿಸಲು, ಹಾಡು ತಗ್ಗಿಸಲು ಇರುವ ಸಾಧನವನ್ನು ಸಾಯಗೊಟ್ಟು ದೊಡ್ಡ ಪರದೆಯ ಅಂದಕ್ಕೆ ಮಾರುಹೋಗುವುದು ಎತ್ತು ಮಾರಿ ಗಂಟೆ ಕೊಂಡಂತೆ.

ಇದರಲ್ಲಿ ಇನ್ನೊಂದು ವಿಚಾರವೂ ಅಡಗಿದೆ. ಡಿನ್ ಕಿಂಡಿಯ ಕಾಲದಲ್ಲಿ ಗಾಡಿ ಕಂಪೆನಿಯದಾದರೂ ಅದರೊಳಗಿನ ಹಾಡು ನಮ್ಮದಾಗಿತ್ತು. ಯಾವ ಸ್ಟೀರಿಯೋ ಬೇಕೋ ಅದನ್ನು ಹಾಕಿಸುತ್ತಿದ್ದೆವು. ಇತ್ತೀಚಿನ ಅನೇಕ ಕಾರುಗಳಲ್ಲಿ ರೇಡಿಯೋ, ಹಿಂಬದಿಯ ಕ್ಯಾಮೆರಾ, ತಂಪುಗಾಳಿಯ ಗುಂಡಿ ಎಲ್ಲವೂ ಒಂದೇ ಪರದೆಯೊಳಗೆ ಬೆಸೆದುಹೋಗಿವೆ. ಒಂದು ಕೆಟ್ಟರೆ ಇಡೀ ಪರದೆಯನ್ನೇ ಬದಲಿಸಬೇಕು. ರಸ್ತೆಬದಿಯ ಮಿಸ್ತ್ರಿಗೆ ಅಲ್ಲಿ ಕೈಹಾಕಲು ಸಂದೇ ಇಲ್ಲ. ಸಪ್ರೆಸರು, ಕಂಡೆನ್ಸರಿನಿಂದ ಹಿಡಿದು ಕ್ಯಾನ್ ಅಡಾಪ್ಟರಿನವರೆಗೆ ಪ್ರತಿ ತಲೆಮಾರಿನ ಯಂತ್ರವನ್ನೂ ಶಾಲೆಯ ಮೆಟ್ಟಿಲು ಹತ್ತದೆಯೇ ಕಲಿತುಕೊಂಡ ಒಂದು ಕಸಬುದಾರ ವರ್ಗ ಮುಂಬಯಿಯಲ್ಲಿದೆ. ಅವರ ಅನ್ನವೂ ಈ ಎರಡು ತಂತಿಗಳಿಗೆ ಕಟ್ಟಿಕೊಂಡಿದೆ. ಕುರ್ಲಾದಲ್ಲಿ ಹುಟ್ಟಿದ ಪದ್ಮಿನಿ ಈಗ ಇತಿಹಾಸ. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಗಾಡಿಗಳು ಅಷ್ಟು ಕಾಲ ಓಡಿದ್ದು ಕಂಪೆನಿಯ ಕೃಪೆಯಿಂದಲ್ಲ, ಬಿಚ್ಚಿ ಜೋಡಿಸಲು ಬಲ್ಲ ಕೈಗಳಿಂದ.

ಆದ್ದರಿಂದ ಸ್ಟೀರಿಯೋ ಬದಲಿಸುವವರಿಗೆ ನಮ್ಮ ಸೂಚನೆ ಇಷ್ಟೇ. ಹಣ ಕೊಡುವ ಮುನ್ನ ನಿಮ್ಮ ಗಾಡಿಯ ಗುಂಡಿಗಳು ಯಾವ ಪಂಗಡದವೆಂದು ಕೇಳಿ. ಮೀಟರು ಹಿಡಿದು ನೋಡಿ ಹೇಳುವ ಅಂಗಡಿಯನ್ನೇ ಆರಿಸಿ. ಅಡಾಪ್ಟರು ಬೇಕೆಂದರೆ ಅದರ ಬೆಲೆಯನ್ನು ಸ್ಟೀರಿಯೋದ ಬೆಲೆಯ ಒಂದು ಭಾಗವೆಂದೇ ಎಣಿಸಿ. ಕಳಚಿದ ಹಳೆಯ ರೇಡಿಯೋವನ್ನೂ ಅದರ ಸಾಕೆಟ್ಟನ್ನೂ ಬಿಟ್ಟುಬರಬೇಡಿ. ಅಂಗಡಿಯ ಮುಂದೆಯೇ, ಎಂಜಿನ್ ನಡೆಯುತ್ತಿರುವಾಗ, ಚಕ್ರವನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡಿ, ಹಾರ್ನು ಬಾರಿಸಿ, ಏರ್‌ಬ್ಯಾಗಿನ ದೀಪ ಹೊತ್ತಿ ಆರಿತೇ ಎಂದು ಗಮನಿಸಿ. ಎಲ್ಲವೂ ಸರಿಯಿದ್ದರೆ ಆ ಮಿಸ್ತ್ರಿಗೆ ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.